ಹೆಸರಿಲ್ಲದ ಬಟನ್‌ಗಳು

ಮಾವ, ತಪ್ಪು ನಿಮ್ಮ ಬೆರಳಿನದ್ದಾಗಿರಲಿಲ್ಲ. ಅದು ನನಗೆ ಎರಡು ವರ್ಷದಿಂದ ಗೊತ್ತು — ನಿಮಗೆ ಮಾತ್ರ ಹೇಳಿಲ್ಲ.

ಆ ಭಾನುವಾರ ನೆನಪಿದೆಯಲ್ಲ? ಬಾಂದ್ರಾದ ನನ್ನ ಆಫೀಸಿಗೆ ಪರೀಕ್ಷೆಗೆ ಬಂದಿದ್ದ, ಔಷಧಿ ತರಿಸುವ ಆ್ಯಪ್ ಹಿಡಿದು ಘಾಟ್ಕೋಪರಿನ ನಿಮ್ಮ ಮನೆಗೆ ಬಂದಿದ್ದೆ. ಕಣ್ಣು ಕಾಣದವರೂ ಅದನ್ನು ಬಳಸಬಹುದೇ ಎಂದು ನೋಡುವುದು ನನ್ನ ಕೆಲಸ. ಕಣ್ಣು ಹೋದ ಮೇಲೆ, ಫೋನು ಓದಿ ಹೇಳುವುದನ್ನು ಕೇಳಿ ಕೇಳಿಯೇ ಫೋನು ಬಳಸಲು ಕಲಿತವರು ನೀವು. ಮಂಡಿನೋವಿನ ಅತ್ತೆ ಮೆಟ್ಟಿಲು ಇಳಿಯಲಾರರು. ಇನ್ನು ಮಾತ್ರೆಗಾಗಿ ಪಕ್ಕದ ಮನೆಯವರನ್ನು ಕೇಳಬೇಕಾಗಿಲ್ಲ ಎಂದು ನಿಮಗೆ ಎಷ್ಟು ಹುರುಪು! "ಎರಡು ಕಾಫೀ, ಒಂದು ಸ್ಟ್ರಾಂಗ್!" ಎಂದು ಅಡುಗೆಮನೆಗೆ ಕೂಗಿದಿರಿ — ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಮೂವತ್ತು ವರ್ಷ ಆರ್ಡರ್ ಕೂಗಿದ ಗಂಟಲು.

"ಇದು ಹೋಟೆಲಲ್ಲ ಮಾರಾಯ್ರೆ," ಎಂದರು ಅತ್ತೆ. ಕಾಫಿ ಮಾತ್ರ ಬಂತು.

ನಿಮ್ಮ ಫೋನಿಗೆ ಆ್ಯಪ್ ಹಾಕಿಕೊಟ್ಟೆ. ನೀವು ಬೆರಳು ಸರಿಸಿದಿರಿ. ಫೋನು ಹೇಳಿತು: ಬಟನ್. ಮತ್ತೆ ಸರಿಸಿದಿರಿ. ಬಟನ್. ಬಟನ್.

"ಇದಕ್ಕೆ ಹೆಸರೇ ಇಲ್ಲವಲ್ಲ ಮಾರಾಯ್ತಿ. ಹೆಸರಿಲ್ಲದ ತಿಂಡಿಯನ್ನು ಹೇಗೆ ಕೂಗುವುದು?"

ನನ್ನ ಇಡೀ ಕೆಲಸ ಆ ಒಂದು ಪ್ರಶ್ನೆಯಲ್ಲಿತ್ತು. ಆದರೆ ನಾನು — ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳನ್ನು ನಿಮ್ಮ ಶೋಕೇಸಿನಲ್ಲೇ ತಂದಿಟ್ಟವಳು — ವಾದಕ್ಕಿಳಿದೆ. ತಪ್ಪು ಹುಡುಕುವ ಸಾಫ್ಟ್‌ವೇರ್ ಎಲ್ಲದಕ್ಕೂ ಹಸಿರು ಟಿಕ್ ಹಾಕಿದೆ, ಅದಕ್ಕೇನು ನಿಮ್ಮ ಮೇಲೆ ಹಗೆಯೇ... ಎಂದೆಲ್ಲ. ಕೊನೆಗೆ ಆ ಮಾತು:

"ಪ್ರಾಬ್ಲೆಮ್ ಆ್ಯಪಿನದ್ದಲ್ಲ ಮಾವ, ನಿಮ್ಮ ಬೆರಳಿನದ್ದು."

ನೀವು ನಕ್ಕಿರಿ. "ಹೌದಾ? ಹಾಗಾದರೆ ಬೆರಳಿಗೂ ರಿಟೈರ್‌ಮೆಂಟ್."

ಮರುದಿನ ಆಫೀಸಿನಲ್ಲಿ ಕಣ್ಣು ಮುಚ್ಚಿಕೊಂಡು ನಾನೇ ಬೆರಳು ಸರಿಸಿದೆ. ಸಾಫ್ಟ್‌ವೇರ್ ನೋಡುತ್ತಿದ್ದದ್ದು ಬಟನ್ನಿಗೆ ಹೆಸರಿದೆಯೇ ಎಂದಷ್ಟೆ. ಇತ್ತು — ಎಲ್ಲದಕ್ಕೂ 'ಬಟನ್' ಎಂದೇ ಹೆಸರಿಟ್ಟಿದ್ದರು! ಸೇರಿಸುವುದು, ತೆಗೆಯುವುದು, ಕಳಿಸುವುದು, ಕಿವಿಗೆ ಎಲ್ಲ ಒಂದೇ. ವರದಿ ಬರೆದೆ, ಅವರು ಸರಿಪಡಿಸಿದರು. ಮೀಟಿಂಗಿನಲ್ಲಿ ನಿಮ್ಮ ತಿಂಡಿಯ ಮಾತನ್ನು ನನ್ನದೇ ಎಂಬಂತೆ ಹೇಳಿ ಭೇಷ್ ಅನ್ನಿಸಿಕೊಂಡೆ — ಇದೂ ನಿಮಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ನೀವು ಫೋನನ್ನೇ ಕಪಾಟಿಗೆ ಸೇರಿಸಿಬಿಟ್ಟಿದ್ದಿರಿ. ಆಮೇಲಿನ ಭಾನುವಾರಗಳಲ್ಲಿ... ನಾನು ಗೆದ್ದ ವಾದವನ್ನು ನಾನೇ ಸೋಲುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ — ಅಲ್ಲ, ಇದು ನೆಪ. ಈ ಸಾಲನ್ನು ಹೊಡೆದು ಹಾಕುತ್ತೇನೆ.

ಮೊನ್ನೆ ಮಾತ್ರೆ ತಂದುಕೊಟ್ಟ ಪಕ್ಕದ ಮನೆಯವರಿಗೆ ನೀವು ಹೇಳುತ್ತಿದ್ದಿರಿ: "ಆ ಆ್ಯಪನ್ನು ನಮ್ಮ ಹುಡುಗಿಯೇ ಚೆಕ್ ಮಾಡಿದ್ದು. ಅವಳು ತಪ್ಪುವುದುಂಟಾ? ನನಗೇ ಬರುವುದಿಲ್ಲ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಎಲ್ಲ ಕೇಳಿಸಿತು.

ನಿಮ್ಮ ಫೋನನ್ನು ಮತ್ತೆ ಚಾರ್ಜ್ ಮಾಡಿಸಿ ಇದನ್ನು ಕಳಿಸಿದರೆ ಅದೇ ಓದಿ ಹೇಳೀತು. ಬೇಡ. ಈ ಭಾನುವಾರ ನಾನೇ ಬಂದು ಓದುತ್ತೇನೆ, ಅತ್ತೆಯ ಎದುರಿಗೇ. ಆಮೇಲೆ ಕಪಾಟಿನಿಂದ ಫೋನು ತೆಗೆದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಬೇಡವೆಂದರೆ — ವಾದ ಮಾಡುವುದಿಲ್ಲ, ಮಾವ.