ಹಳದಿ ಗೆರೆಯ ಹಿಂದೆ

ದಾವಣಗೆರೆಯ ಕೆ.ಬಿ. ಬಡಾವಣೆಯ ಮಂಡಕ್ಕಿ ಅಂಗಡಿಯ ಮುಂದೆ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ಅಣಕಿಸುವ ಹಕ್ಕು ನನ್ನೊಬ್ಬನದೇ ಆಗಿತ್ತು. ಅಂಗಡಿಯವರ ಕೆಮ್ಮು, ನಮ್ಮಪ್ಪನ ಆಕಳಿಕೆ, ಹೆಣ್ಣು ನೋಡಲು ಹೋಗಿ ತೊದಲಿದ ನಾನು, ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಹೆಸರಾದದ್ದು ನಮ್ಮೂರ ರೈಲು ನಿಲ್ದಾಣದ ಪ್ರಕಟಣೆ. ಅದನ್ನು ಮಾಡಿದ ದಿನ ಮೊದಲ ಮಿರ್ಚಿ ಬಜ್ಜಿ ನನಗೇ.

ಅದಕ್ಕೆ ಕಲ್ಲು ಹಾಕಿದವನು ಗುಂಪಿನ ಹರಿಹರದ ದರ್ಜಿ; ಎಲ್ಲರನ್ನೂ ದೋಸ್ತ್ ಎನ್ನುತ್ತಿದ್ದವನಿಗೆ ನಾವಿಟ್ಟ ಹೆಸರೂ ದೋಸ್ತ್. ಲೈನಿಂಗ್ ಬಟ್ಟೆ ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದವನು, ಅಲ್ಲಿನ ನೆಲದಡಿಯ ಮೆಟ್ರೋ ನಿಲ್ದಾಣದ ಹೆಣ್ಣುದನಿಯನ್ನೂ ಗಂಟು ಕಟ್ಟಿಕೊಂಡು ಬಂದಿದ್ದ. ಒಂದೇ ಸಲ ಮಾಡಿ ತೋರಿಸಿದ. ಮಿರ್ಚಿ ಪ್ಲೇಟು ನನ್ನ ಮುಂದಿನಿಂದ ಅವನ ಮುಂದಕ್ಕೆ ಸರಿಯಿತು.

"ಅಲ್ಲಿ ಹಂಗೆ ಹೇಳಂಗೇ ಇಲ್ಲ ಬಿಡಲೇ," ಎಂದೆ, ಮೆಟ್ರೋದ ಮೆಟ್ಟಿಲನ್ನೂ ಕಾಣದ ನಾನು.

"ಹಂಗಾದ್ರೆ ಬಾ, ಕೇಳಿಸ್ತೀನಿ."

ಮುಂದಿನ ವಾರ ಹೊರಟೆವು. ಚಿಕ್ಕಪೇಟೆಯ ಓಣಿಗಳಲ್ಲಿ ಸೀರೆ ಅಂಗಡಿಯವರ ಕರೆ, ತಲೆ ಮೇಲೆ ಗಂಟು ಹೊತ್ತ ಹಮಾಲರು, ಕಾಲಿಡಲು ಜಾಗವಿಲ್ಲ. ಆ ಗದ್ದಲದಿಂದ ಎಸ್ಕಲೇಟರ್ ಇಳಿದರೆ ತಣ್ಣನೆ ಗಾಳಿ, ಮುಖ ಕಾಣುವಂಥ ನೆಲ. ಮೇಲೆ ಚೌಕಾಸಿಗೆ ಕಿರುಚುತ್ತಿದ್ದವರೇ ಕೆಳಗೆ ಪಿಸುಗುಡುತ್ತಿದ್ದರು. ಪ್ರಕಟಣೆ ಬಂತು. ತಪ್ಪು ಹುಡುಕಲೆಂದೇ ಕಿವಿಗೊಟ್ಟೆ. ದೋಸ್ತ್ ಒಂದು ಉಸಿರನ್ನೂ ತಪ್ಪಿಸಿರಲಿಲ್ಲ. ಮಿರ್ಚಿ ತಿನ್ನದೆಯೇ ಹೊಟ್ಟೆ ಉರಿಯಿತು.

ಸಾಲದ್ದಕ್ಕೆ ಅವನು ಅದೇ ದನಿಯಲ್ಲಿ ಮೆಲ್ಲಗೆ, "ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ," ಎಂದ. ಗೆರೆಯ ಮೇಲೆ ನಿಂತಿದ್ದ ಅಜ್ಜಿಯೊಬ್ಬರು ಬ್ಯಾಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ದನಿಗೆ ಜನ ಬಿದ್ದು ಬಿದ್ದು ನಕ್ಕಿದ್ದರು; ಬ್ಯಾಗು ಎತ್ತಿದವರು ಒಬ್ಬರೂ ಇರಲಿಲ್ಲ.

ಮರಳುವಾಗ ರೈಲಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತೆ. ದಾವಣಗೆರೆ ಹತ್ತಿರವಾದಾಗ ತಡೆಯಲಾಗದೆ ನನ್ನ ಪ್ರಕಟಣೆ ಶುರು ಮಾಡಿದೆ, ಮೈಕಿನ ಕೊರಕೊರ ಸಮೇತ. ಎದುರಿನವರು ಶೇಂಗಾ ಸುಲಿಯುತ್ತಲೇ ಇದ್ದರು. ದೋಸ್ತ್ ಮಾತ್ರ ಗಡಬಡಿಸಿ ಎದ್ದು, ಬಟ್ಟೆ ಗಂಟು ಹೆಗಲಿಗೇರಿಸಿ ಬಾಗಿಲ ಕಡೆ ನಡೆದ.

"ನೀ ಇಳಿಯೋದು ಹರಿಹರದಾಗ ಅಲ್ಲೇನಲೇ?"

"ಏನ್ ಮಾಡ್ಲಿ ದೋಸ್ತ್, ದಾವಣಗೆರೆ ಬಂತು ಅಂದ್ರಲ್ಲ."

ನನಗಾಗಿಯೇ ಎದ್ದನೆಂದು ಗೊತ್ತು. ಆದರೆ ಮುಖದಲ್ಲಿ ಒಂದೆಳೆ ನಗುವೂ ಇಲ್ಲದೆ ಎದ್ದನಲ್ಲ ಪಾಪಿ, ಅದೂ ನನಗೆ ಬರುತ್ತಿರಲಿಲ್ಲ.