ಗಂಗಿಯ ಹನ್ನೆರಡು ದಿನ

ಮಾವಿನಕುರ್ವೆಯಲ್ಲಿ ಗಂಗಿಯ ಮಾತು ಬಂದಾಗಲೆಲ್ಲ, ಓರಗಿತ್ತಿಯ ಕೂಸಿಗೆ ಎದೆಹಾಲು ಕೊಟ್ಟು ಬದುಕಿಸಿದವಳು ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುವಾಗ ಗಂಗಿ ಅಲ್ಲಿ ನಿಲ್ಲುತ್ತಿರಲಿಲ್ಲ. ಕೊಡ ಎತ್ತಿಕೊಂಡೋ ಒಲೆಯ ನೆಪ ಹೇಳಿಯೋ ಎದ್ದು ಹೋಗಿಬಿಡುತ್ತಿದ್ದಳು. ಹೊಗಳಿದರೆ ನಾಚುತ್ತಾಳೆ ಎಂದು ಜನ ತಿಳಿದರು. ನಾಚಿಕೆಯೇನೋ ಹೌದು, ಆದರೆ ಅವರು ತಿಳಿದಂಥದ್ದಲ್ಲ.

ಗಂಗಿಯ ಗಂಡ ಜಟ್ಟಿ, ಹೊಳೆಯ ನಡುಗಡ್ಡೆಯಾದ ಆ ಕುರ್ವೆಯಿಂದ ಹೊನ್ನಾವರದ ಬಂದರಕ್ಕೆ ಜನರನ್ನು ದಾಟಿಸುವ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ. ಅವನ ತಮ್ಮ ಮಾದೇವ ಮೀನಿಗೆ ಹೋಗುತ್ತಿದ್ದ. ಮಾದೇವನ ಹೆಂಡತಿ ಸೀತೆ ಕರ್ಕಿಯ ಕಡೆಯ ಹುಡುಗಿ, ಗಂಗಿಗಿಂತ ಆರೇಳು ವರ್ಷ ಚಿಕ್ಕವಳು. ಇವರಿಬ್ಬರೂ ಅತ್ತೆ ಬೊಮ್ಮಿಯೊಡನೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಬಿಡುವಾದಾಗ ತೆಂಗಿನ ಸಿಪ್ಪೆ ಬಡಿದು ನಾರಿನ ಹಗ್ಗ ಹೊಸೆಯುತ್ತ ಕಾಲ ಕಳೆಯುತ್ತಿದ್ದರು.

ಐವತ್ತೆಂಟನೆಯ ಇಸವಿಯ ಚೌತಿ ಹಬ್ಬದ ಆಚೀಚೆ ಆ ಮನೆಯಲ್ಲಿ ಎರಡು ಹೆರಿಗೆ ಆಯಿತು. ಮೊದಲು ಗಂಗಿಗೆ ಗಂಡುಕೂಸು, ಮಂಜು. ಇಪ್ಪತ್ತು ದಿನ ಬಿಟ್ಟು ಸೀತೆಗೆ ಹೆಣ್ಣುಕೂಸು, ಗಣಪಿ. ಗಂಗಿಗೆ ಇದು ಮೂರನೆಯದು. ದೊಡ್ಡವನು ನಾಗನಿಗೆ ಆಗ ಐದು ವರ್ಷ. ನಡುವೆ ಹುಟ್ಟಿದ ಹೆಣ್ಣುಮಗು ನಾಲ್ಕು ತಿಂಗಳಿಗೇ ಸೊರಗಿ ಸೊರಗಿ ತೀರಿಹೋಗಿತ್ತು. ತಾಯಿಯ ಹಾಲು ಸಾಲಲಿಲ್ಲ ಎಂದು ಆಗ ನೆರೆಯವರು ಆಡಿದ ಮಾತು ಗಂಗಿಯ ಕಿವಿಗೆ ಬಿದ್ದಿತ್ತು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ದೀಪಾವಳಿ ಕಳೆದು ವಾರವಾಗಿತ್ತು. ಸೀತೆಗೆ ಜ್ವರ ಬಂತು. ಮೊದಲು ಕಷಾಯ ಕುಡಿಸಿದರು. ಇಳಿಯಲಿಲ್ಲ. ಆರನೆಯ ದಿನ ಅವಳಿಗೆ ಮಾತು ತೊದಲತೊಡಗಿದಾಗ, ಕಂಬಳಿ ಸುತ್ತಿ ಜಟ್ಟಿಯ ದೋಣಿಯಲ್ಲಿ ಮಲಗಿಸಿ ಹೊನ್ನಾವರದ ಆಸ್ಪತ್ರೆಗೆ ಒಯ್ದರು. ಟೈಫಾಯ್ಡ್ ಎಂದರು ಡಾಕ್ಟರು. ತಿಂಗಳ ಮೇಲಾದರೂ ಆಗಬಹುದು, ಕೂಸನ್ನು ಹತ್ತಿರ ಇಡಕೂಡದು ಎಂದೂ ಹೇಳಿದರು. ಅಷ್ಟರಲ್ಲಿ ಸೀತೆಯ ಹಾಲೂ ಬತ್ತಿಹೋಗಿತ್ತು.

ಕೂಸನ್ನು ಎತ್ತಿಕೊಂಡು ಜೊತೆಗೆ ಹೋಗಿದ್ದವಳು ಗಂಗಿಯೇ. ಸೀತೆ ಮಂಚದ ಮೇಲಿಂದ ಕೈ ಚಾಚಿ ಅವಳ ಸೆರಗು ಹಿಡಿದಳು.

"ಅಕ್ಕ, ಇದು ಇನ್ನು ನಿನ್ನ ಕೂಸು. ನಾ ಬಂದ್ರೂ ಆತು, ಬರದಿದ್ರೂ ಆತು."

"ಎಂತ ಮಾತಾಡ್ತೆ ನೀನು? ನಾ ಇಲ್ವನೆ? ನನಗೆ ಮಂಜು ಬೇರೆ ಅಲ್ಲ, ಇದು ಬೇರೆ ಅಲ್ಲ. ಸುಮ್ನೆ ಮಲಗು."

ಆಗ ಅವಳು ಆಡಿದ್ದು ನಿಜವಾದ ಮಾತೇ ಆಗಿತ್ತು. ಮೊದಲ ಐದಾರು ದಿನ ಗಂಗಿ ಎರಡೂ ಕೂಸುಗಳಿಗೆ ಒಂದೇ ಸಮ ಹಾಲು ಕೊಟ್ಟಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಒಲೆಯ ಮೇಲೆ ಗಂಜಿ ಉಕ್ಕುವ ಹೊತ್ತಿಗೇ ಎರಡೂ ಸೇರಿ ಅಳುತ್ತಿದ್ದವು. ನಾಗ ಬಂದು ಹಸಿವೆ ಎಂದು ಸೀರೆ ಜಗ್ಗುತ್ತಿದ್ದ. ಬೊಮ್ಮಿ ಬಟ್ಟೆ ಒಗೆದು ಕೊಡುತ್ತಿದ್ದಳು, ತೊಟ್ಟಿಲು ತೂಗುತ್ತಿದ್ದಳು. ಆದರೆ ಹಾಲು ಕೊಡುವ ಕೆಲಸವನ್ನು ಬೇರೆ ಯಾರೂ ಹಂಚಿಕೊಳ್ಳುವಂತಿರಲಿಲ್ಲವಲ್ಲ.

ಒಂದು ಬೆಳಿಗ್ಗೆ ಗಣಪಿ ಕುಡಿದು ಮುಗಿಸಿದ ಮೇಲೆ ಮಂಜುವನ್ನು ಎತ್ತಿಕೊಂಡಳು. ಅವನು ನಾಲ್ಕು ಗುಟುಕು ಎಳೆದು, ಬಾಯಿ ಬಿಟ್ಟು, ಸಿಟ್ಟಿನಿಂದ ಅಳತೊಡಗಿದ. ಮತ್ತೆ ಹಚ್ಚಿದರೆ ಮತ್ತೆ ಅದೇ. ಗಂಗಿ ಅವನ ತೊಡೆ ಹಿಡಿದು ನೋಡಿದಳು. ಹೋದ ವಾರಕ್ಕಿಂತ ಇಳಿದ ಹಾಗೆ ಕಂಡಿತು. ನಿಜವಾಗಿ ಇಳಿದಿತ್ತೋ ಇಲ್ಲವೋ, ಅವಳ ಕಣ್ಣ ಮುಂದೆ ಬಂದದ್ದು ಮಾತ್ರ ಸತ್ತ ಹೆಣ್ಣುಮಗುವಿನ ಸಪೂರ ಕಾಲು.

ಅಂದಿನಿಂದ ಅವಳು ಮಂಜುವಿಗೆ ಮೊದಲು ಕೊಡತೊಡಗಿದಳು. ಉಳಿದದ್ದು ಗಣಪಿಗೆ. ಎರಡು ದಿನ ಕಳೆದ ಮೇಲೆ ಉಳಿದದ್ದನ್ನೂ ಕೊಡಲಿಲ್ಲ. ಮಂಜು ಮತ್ತೆ ಎದ್ದಾನು, ಅವನಿಗೆ ಇರಲಿ ಎಂದು ಇಟ್ಟುಕೊಂಡಳು.

"ಹಾಲೇ ಇಲ್ಲ ಅತ್ತೆ," ಎಂದಳು ಬೊಮ್ಮಿಗೆ. "ಎರಡಕ್ಕೆ ಎಲ್ಲಿಂದ ಬರ್ತದೆ?"

ಬೊಮ್ಮಿ ನಂಬಿದಳು. ನೆರೆಮನೆಯ ಬೆಳ್ಳಿಯ ಆಡಿನ ಹಾಲು ತಂದು, ನೀರು ಬೆರೆಸಿ ಕಾಸಿ, ಬಟ್ಟೆಯ ತುದಿ ಅದ್ದಿ ಅದ್ದಿ ಗಣಪಿಯ ಬಾಯಿಗಿಟ್ಟಳು. ಆಡಿನ ಹಾಲು ಸಿಗದ ದಿನ ಗಂಜಿಯ ತಿಳಿ. ಕೂಸಿಗೆ ಅದು ಹಿಡಿಸಲಿಲ್ಲ. ಭೇದಿ ಶುರುವಾಯಿತು. ನೆತ್ತಿ ಕುಳಿಬಿತ್ತು. ಅಳುವ ದನಿಯೂ ಸಣ್ಣಗಾಗುತ್ತ ಬಂತು.

ಗಂಗಿಗೆ ಎಲ್ಲವೂ ಕಾಣುತ್ತಿತ್ತು. ನಾಳೆಯಿಂದ ಕೊಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಮಂಜು ತೊಡೆಯ ಮೇಲೆ ಬಂದ ಕೂಡಲೆ ಆ ನಾಳೆ ಮುಂದೆ ಹೋಗುತ್ತಿತ್ತು. ಆಸ್ಪತ್ರೆಯಿಂದ ಬಂದ ಮಾದೇವ, "ಸೀತೆ ಕೇಳ್ತಿದ್ದಳು, ಕೂಸು ಹ್ಯಾಂಗದೆ ಅತ್ತಿಗೆ?" ಎಂದಾಗ ಅವಳು ಬಗ್ಗಿ ಒಲೆ ಊದುತ್ತ, "ಅದೆ, ಬೆಳೀತದೆ," ಎಂದುಬಿಟ್ಟಳು. ಅವನು ಅಷ್ಟು ಮಾತಿಗೇ ಸಮಾಧಾನಪಟ್ಟು ತಿರುಗಿ ಹೊನ್ನಾವರಕ್ಕೆ ಹೋದ.

ಹೀಗೆ ಹನ್ನೆರಡು ದಿನ.

ಹನ್ನೆರಡನೆಯ ದಿನ ಮಧ್ಯಾಹ್ನ ಬೊಮ್ಮಿ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದಳು. ಮಂಜು ಕುಡಿದು ತೊಟ್ಟಿಲಲ್ಲಿ ಮಲಗಿದ್ದ. ಗಂಗಿ ಎದುರಿಗೆ ಕುಳಿತು ನಾರು ಬಿಡಿಸುತ್ತಿದ್ದಳು. ಚಾಪೆಯ ಮೇಲಿದ್ದ ಗಣಪಿ ಎದ್ದು ಅಳತೊಡಗಿತು. ಅದು ಅಳುವೂ ಅಲ್ಲ, ಬೆಕ್ಕಿನ ಮರಿ ಎಲ್ಲೋ ದೂರದಲ್ಲಿ ಕೂಗಿದ ಹಾಗಿತ್ತು.

"ಒಂದು ಸಲ ಹಚ್ಚಿ ನೋಡು," ಎಂದಳು ಬೊಮ್ಮಿ.

"ಇಲ್ಲ ಅಂದ್ನಲ್ಲ ಅತ್ತೆ. ಇದ್ರೆ ಕೊಡ್ತಿರ್ಲಿಲ್ವ?"

ಬಾಯಿ ಹಾಗೆ ಹೇಳುತ್ತಿರುವಾಗಲೇ ಗಂಗಿಗೆ ಎದೆಯಲ್ಲಿ ಜುಮ್ಮೆಂದಿತು. ಕೂಸಿನ ದನಿಗೆ ಹಾಲು ತಾನಾಗಿ ಇಳಿದು ಬಂತು. ತಡೆಯಲೆಂದು ಮೊಣಕೈ ಎದೆಗೆ ಒತ್ತಿಕೊಂಡಳು. ಪ್ರಯೋಜನವಾಗಲಿಲ್ಲ. ರವಿಕೆ ನೆನೆಯಿತು, ಸೆರಗು ನೆನೆಯಿತು, ಹನಿ ಮಡಿಲಿನ ನಾರಿನ ಮೇಲೆ ಬಿತ್ತು.

ಬೊಮ್ಮಿಯ ಕೈ ಹಗ್ಗದ ಮೇಲೆ ನಿಂತಿತು. ಸೊಸೆಯ ಎದೆಯನ್ನು ನೋಡಿದಳು, ಮುಖವನ್ನು ನೋಡಿದಳು. ಬೈಯುತ್ತಾಳೆ, ಈಗ ಊರು ಕೂಡಿಸುತ್ತಾಳೆ ಎಂದು ಗಂಗಿ ಕಾದಳು.

"ಸೆರಗು ಒದ್ದೆ ಆತು ಗಂಗಿ," ಎಂದಳು ಬೊಮ್ಮಿ. "ಬದಲಿಸ್ಕೊ ಹೋಗು."

ಅಷ್ಟೇ. ಮತ್ತೆ ಹಗ್ಗ ಹೊಸೆಯತೊಡಗಿದಳು.

ಗಂಗಿ ಬದಲಿಸಿಕೊಳ್ಳಲಿಲ್ಲ. ಗಣಪಿಯನ್ನು ಎತ್ತಿಕೊಂಡು ಒಳಗೆ ಓಡಿದಳು. ಎದೆಗೆ ಹಚ್ಚಿದರೆ ಕೂಸು ಹಿಡಿಯಲಿಲ್ಲ. ಬಟ್ಟೆಯ ತುದಿ ಚೀಪಿ ರೂಢಿಯಾದ ಬಾಯಿಗೆ ಮೊಲೆ ಹಿಡಿಯುವುದೇ ಮರೆತಿತ್ತು. ಶಕ್ತಿಯೂ ಇರಲಿಲ್ಲ. ಗಂಗಿ ಬೆರಳಿನಿಂದ ಹಿಂಡಿ ಹನಿ ಹನಿಯಾಗಿ ಅದರ ತುಟಿಗೆ ಬಿಟ್ಟಳು. ಅಳು ತಡೆಯದೆ ಬಂತು. ಅವಳ ಕಣ್ಣೀರು ಕೂಸಿನ ಕೆನ್ನೆಗೆ ಬಿದ್ದರೆ ಅದು ಬೆಚ್ಚಿಬೀಳುತ್ತಿತ್ತು. ಆ ಹೆದರಿಕೆಯಿಂದ ಮುಖ ಆಚೆ ತಿರುಗಿಸಿ ಅತ್ತಳು. ಮೂರನೆಯ ದಿನ ಗಣಪಿ ಸ್ವತಃ ಎಳೆದು ಕುಡಿಯಿತು. ಆಶ್ಚರ್ಯವೆಂದರೆ ಮಂಜುವಿಗೂ ಕಡಿಮೆ ಬೀಳಲಿಲ್ಲ. ಎರಡು ಬಾಯಿ ಎಳೆದ ಹಾಗೆ ಹಾಲೂ ಹೆಚ್ಚಿತು. ಹೀಗಾಗಬಹುದೆಂದು ಮೊದಲೇ ಗೊತ್ತಿದ್ದರೆ ಎಂದು ನೆನೆದಾಗ ಅವಳಿಗೆ ತನ್ನ ಮೇಲೆಯೇ ಇನ್ನೂ ಹೇಸಿಕೆಯಾಯಿತು. ಗೊತ್ತಿದ್ದರೆ ಮಾತ್ರ ಕೊಡುತ್ತಿದ್ದೆನೇನು?

ಸಂಕ್ರಾಂತಿಯ ಹೊತ್ತಿಗೆ ಸೀತೆ ಮನೆಗೆ ಬಂದಳು. ತಲೆಗೂದಲು ಉದುರಿ, ನಡೆದರೆ ಗೋಡೆ ಹಿಡಿಯುವ ಸ್ಥಿತಿ. ಕೂಸನ್ನು ನೋಡಿ, ಅದು ಬದುಕಿರುವುದನ್ನೇ ನೋಡಿ, ಬಗ್ಗಿ ಗಂಗಿಯ ಕಾಲು ಹಿಡಿದಳು. ನೆರೆಯ ಹೆಂಗಸರೆಲ್ಲ ಅಂಗಳದಲ್ಲಿ ಕೂಡಿದ್ದರು.

"ಒಡಹುಟ್ಟಿದವಳೂ ಇಷ್ಟು ಮಾಡೂದಿಲ್ಲ," ಎಂದಳು ಬೆಳ್ಳಿ.

ಗಂಗಿ ಕಾಲು ಹಿಂದಕ್ಕೆಳೆದುಕೊಂಡಳು. ಅತ್ತೆಯ ಕಡೆ ನೋಡಲು ಧೈರ್ಯ ಬರಲಿಲ್ಲ. ಬೊಮ್ಮಿ ಕೂಸನ್ನು ಎತ್ತಿ ಸೀತೆಯ ಮಡಿಲಿಗೆ ಹಾಕಿದಳು. ಮುಂದಿನ ವಾರ ಮಾದೇವ ಕುಮಟೆಯ ಪೇಟೆಗೆ ಹೋದವನು ಅತ್ತಿಗೆಗೆಂದು ಹಸಿರು ಅಂಚಿನ ಸೀರೆ ತಂದ. ಗಂಗಿ ಅದನ್ನು ಉಡಲೇ ಇಲ್ಲ. ಯಾಕೆಂದು ಜಟ್ಟಿ ಕೇಳಿದರೆ, ಹಬ್ಬಕ್ಕೆ ಇರಲಿ ಎಂದಳು. ಹಬ್ಬಗಳು ಬಂದು ಹೋದವು.

ಬೆಳ್ಳುಳ್ಳಿ ಹಾಕಿದ ಮೀನಿನ ಸಾರು ಉಣ್ಣಿಸಿ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿಸಿ, ಬೊಮ್ಮಿ ಸೀತೆಗೆ ಮೆಲ್ಲಗೆ ಹಾಲು ಬರುವಂತೆ ಮಾಡಿದಳು. ಯುಗಾದಿ ದಾಟಿತು. ಮಂಜು ಕೂತು ಚಪ್ಪಾಳೆ ತಟ್ಟುತ್ತಿದ್ದ. ಗಣಪಿಗೆ ಕುತ್ತಿಗೆಯೇ ಆಗಷ್ಟೇ ನೆಟ್ಟಗೆ ನಿಂತಿತ್ತು. ಒಂದು ದಿನ ಬಾವಿಕಟ್ಟೆಯ ಹತ್ತಿರ ಇಬ್ಬರೂ ಬಟ್ಟೆ ಒಗೆಯುತ್ತಿದ್ದಾಗ, ಸೀತೆ ಚಾಪೆಯ ಮೇಲಿನ ಎರಡು ಕೂಸುಗಳನ್ನು ನೋಡುತ್ತ ಹೇಳಿದಳು:

"ನನ್ನ ಜ್ವರವೇ ಇದಕ್ಕೆ ತಾಗ್ತು ಕಾಣ್ತದೆ ಅಕ್ಕ. ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ನಾ ಕೊಟ್ಟದ್ದು ಇದೇ. ನೀ ಇಲ್ಲದಿದ್ರೆ ಇಷ್ಟೂ ಇರ್ತಿರ್ಲಿಲ್ಲ."

ನನ್ನ ಪಾಪವನ್ನು ಇವಳು ತನ್ನ ತಲೆಯ ಮೇಲೆ ಹೊರುತ್ತಿದ್ದಾಳೆ ಎನಿಸಿತು ಗಂಗಿಗೆ. ಗಂಗಿಯ ಕೈಯಲ್ಲಿದ್ದ ಬಟ್ಟೆ ಜಾರಿತು.

"ನಿನ್ನ ಜ್ವರ ಅಲ್ಲ ಸೀತೆ," ಎಂದಳು. "ನಾನು ಹಾಲು ಕೊಡ್ಲಿಲ್ಲ. ಇತ್ತು. ಇದ್ದೂ ಇಲ್ಲ ಅಂದೆ. ಮಂಜುಗೆ ಇಟ್ಕೊಂಡೆ."

ಸೀತೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೇಳಿದಳು, "ಎಷ್ಟು ದಿನ?"

"ಹನ್ನೆರಡು."

ಸೀತೆ ಕೈ ಒರೆಸಿಕೊಂಡಳು. ಗಣಪಿಯನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ಅರ್ಧ ಒಗೆದ ಬಟ್ಟೆಯನ್ನು ಗಂಗಿಯೇ ಒಗೆದು ಹರವಿದಳು.

ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ಗಂಗಿಗೆ ಎಷ್ಟೋ ಸಲ ಅನ್ನಿಸಿತು. ಸೀತೆ ಗಂಡನಿಗೂ ಹೇಳಲಿಲ್ಲ. ಉಪ್ಪು ಎಲ್ಲಿ, ಕಟ್ಟಿಗೆ ಉಂಟೋ ಎಂಬಷ್ಟಕ್ಕೆ ಮಾತು ನಿಂತಿತು. ಕೂಸನ್ನು ಮಾತ್ರ ಕ್ಷಣವೂ ಬಿಡಲಿಲ್ಲ. ನೀರಿಗೆ ಹೋದರೂ ಸೊಂಟದ ಮೇಲೆ, ಅಡುಗೆ ಮಾಡಿದರೂ ಬೆನ್ನಿಗೆ. ಗಣಪಿ ದೊಡ್ಡಮ್ಮನನ್ನು ಕಂಡು ಕೈ ಚಾಚಿದರೆ ಸೀತೆ ಮೆಲ್ಲಗೆ ಆ ಕೈ ಮಡಚುತ್ತಿದ್ದಳು.

ಗಂಗಿ ಅತ್ತೆಯ ಹತ್ತಿರ ಹೋಗಿ ಕೂತಳು. "ಅವತ್ತೇ ನೀವು ನನ್ನ ಬೈಬೇಕಿತ್ತು. ಎಂತಕ್ಕೆ ಬೈಲಿಲ್ಲ?"

"ಬೈದಿದ್ರೆ ನೀ ಜಗಳಕ್ಕೆ ಬರ್ತಿದ್ದೆ. ನಂಗೆ ಕೂಸಿಗೆ ಹಾಲು ಬೇಕಿತ್ತು," ಎಂದಳು ಬೊಮ್ಮಿ. "ನಿಂಗೆ ಹೆದರಿಕೆ ಅಂತ ನಂಗೆ ಗೊತ್ತಿತ್ತು. ಆದ್ರೂ ನೀ ಮಾಡಿದ್ದು ಸಣ್ಣ ಕೆಲಸ ಅಲ್ಲ," ಎಂದಳು.

ಮಳೆಗಾಲ ಹತ್ತಿರ ಬಂತು. ನೀರು ಏರುವ ಮೊದಲು ಹಗ್ಗ ಮಾರಿ ಬರಬೇಕೆಂದು ಗಂಗಿ ಒಂದು ಬೆಳಿಗ್ಗೆ ಹೊನ್ನಾವರಕ್ಕೆ ಹೋದಳು. ಮಂಜುವನ್ನು ಅತ್ತೆಯ ಹತ್ತಿರ ಬಿಟ್ಟಿದ್ದಳು, ಮಧ್ಯಾಹ್ನಕ್ಕೆ ತಿರುಗಿ ಬರುವ ಲೆಕ್ಕ. ಆದರೆ ಗಾಳಿ ಎದ್ದಿತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಏಳುತ್ತಿದ್ದುದರಿಂದ ಜಟ್ಟಿಯೇ ದೋಣಿ ಬಿಡಲು ಒಪ್ಪಲಿಲ್ಲ. ಗಂಗಿ ಬಂದರದ ಕಟ್ಟೆಯಲ್ಲಿ ಕೂತು, ತುಂಬಿ ಕಲ್ಲಾದ ಎದೆ ಒತ್ತಿಕೊಂಡು ಆಚೆ ದಡ ನೋಡಿದಳು. ಗಂಜಿ ಉಣ್ಣಿಸಿದರೆ ಮಂಜು ಉಗಿದುಬಿಡುತ್ತಿದ್ದ. ಅಳುತ್ತಿರಬಹುದು, ಅತ್ತು ಅತ್ತು ದನಿ ಹೋಗಿರಬಹುದು. ನನಗೆ ತಕ್ಕದ್ದೇ ಆಯಿತು ಎಂದುಕೊಂಡಳು. ಆದರೆ ಅನುಭವಿಸುವುದು ತಾನಲ್ಲ, ಕೂಸು ಎಂಬುದೂ ಹೊಳೆಯಿತು.

ಸಂಜೆ ಗಾಳಿ ತಗ್ಗಿದ ಮೇಲೆ ದೋಣಿ ಬಿಟ್ಟರು. ದಡ ಮುಟ್ಟುವ ಮೊದಲೇ ಹಾರಿ ಇಳಿದು, ಒದ್ದೆ ಸೀರೆಯಲ್ಲೇ ಓಡಿದಳು. ಮನೆ ಶಾಂತವಾಗಿತ್ತು. ಸೀತೆ ಒಲೆಯ ಮುಂದೆ ಕೂತಿದ್ದಳು. ಅವಳ ಪಕ್ಕದ ಚಾಪೆಯಲ್ಲಿ ಎರಡೂ ಕೂಸುಗಳು ಮಲಗಿದ್ದವು. ಮಂಜುವಿನ ಬಾಯಂಚಿನಲ್ಲಿ ಹಾಲು ಒಣಗಿತ್ತು.

ಗಂಗಿ ಬಾಗಿಲಲ್ಲೇ ನಿಂತಳು. ಸೀತೆ ತಿರುಗಿ ನೋಡದೆ ಹೇಳಿದಳು:

"ಮಂಜು ಅತ್ತ. ಕೊಟ್ಟೆ."

ಅವಳು ಬೈದಿದ್ದರೂ ಗಂಗಿ ಅಷ್ಟು ಕುಗ್ಗುತ್ತಿರಲಿಲ್ಲ. ಹೊಸ್ತಿಲ ಮೇಲೆಯೇ ಕೂತು ಮೊಣಕಾಲಲ್ಲಿ ಮುಖ ಹುದುಗಿಸಿದಳು. ಸ್ವಲ್ಪ ಹೊತ್ತಿನಲ್ಲಿ ಗಣಪಿ ಎದ್ದು ಮಿಸುಕಾಡಿತು. ಸೀತೆಯ ಕೈಗೆ ಹಿಟ್ಟು ಮೆತ್ತಿತ್ತು.

"ಅಕ್ಕ, ಸೀರೆ ಬದಲಿಸ್ಕೊಂಡು ಬಂದು ಇದನ್ನ ಎತ್ಕೊ," ಎಂದಳು.

ಎಲ್ಲ ಮೊದಲಿನಂತಾಯಿತು ಎಂದಲ್ಲ. ಸೀತೆ ಆ ಮಾತನ್ನು ಎತ್ತಲಿಲ್ಲ, ಮರೆತೆ ಎಂದೂ ಹೇಳಲಿಲ್ಲ. ಗಂಗಿಗಂತೂ ಗಣಪಿ ಉಣ್ಣದೆ ತುತ್ತು ಇಳಿಯುತ್ತಿರಲಿಲ್ಲ. ಮೀನಿನ ಒಳ್ಳೆಯ ತುಂಡು ಗಣಪಿಯ ಬಟ್ಟಲಿಗೇ ಬೀಳುತ್ತಿತ್ತು. ಮಂಜು, ನಾಗ ಇಬ್ಬರೂ ತಕರಾರು ಮಾಡುತ್ತಿದ್ದರು. "ಸಾಕು ಅಕ್ಕ, ಹೊಟ್ಟೆ ಒಡೀತದೆ ಅದರದ್ದು," ಎಂದು ಸೀತೆಯೇ ಕೈ ಅಡ್ಡ ಹಿಡಿಯಬೇಕಾಗುತ್ತಿತ್ತು. ಬೆಳ್ಳಿ ಹಳೆಯ ಹೊಗಳಿಕೆ ತೆಗೆದರೆ ಗಂಗಿ ಎದ್ದು ಹೋಗುವಳು. ಸೀತೆ ಮಾತು ಬೇರೆ ಕಡೆ ತಿರುಗಿಸುವಳು.

ಅರವತ್ತೈದರ ಜೂನಿನಲ್ಲಿ ಇಬ್ಬರು ಮಕ್ಕಳನ್ನೂ ಶಾಲೆಗೆ ಸೇರಿಸಲು ಓರಗಿತ್ತಿಯರು ಒಟ್ಟಿಗೆ ಹೋದರು. ಮಾಸ್ತರರು ಮಂಜುವಿನ ಹೆಸರು ಬರೆದುಕೊಂಡು, ಗಣಪಿಯನ್ನು ಕನ್ನಡಕದ ಮೇಲಿಂದ ನೋಡಿದರು.

"ಇಬ್ಬರಿಗೂ ಇಪ್ಪತ್ತೇ ದಿನ ಅಂತರವೆ? ಇವಳು ಬಹಳ ಸಣ್ಣಗಿದ್ದಾಳಲ್ಲ. ಬರುವ ವರ್ಷ ಕರ್ಕೊಂಡು ಬನ್ನಿ."

ಗಂಗಿಯ ತಲೆ ತಗ್ಗಿತು. ಕಾಲ ಬೆರಳಿನಿಂದ ನೆಲ ಕೆರೆದಳು.

ಸೀತೆ ಒಂದು ಹೆಜ್ಜೆ ಮುಂದೆ ಬಂದಳು. "ಸಣ್ಣಗಿದ್ರೂ ಗಟ್ಟಿ ಇದ್ದಾಳೆ ಮಾಸ್ತರ್ರೆ. ಇಬ್ಬರು ತಾಯಿಯರ ಕೈಯಲ್ಲಿ ಬೆಳೆದದ್ದು. ಬರ್ಕೊಳ್ಳಿ."

ಮಾಸ್ತರರು ನಕ್ಕು ಬರೆದುಕೊಂಡರು. ಗಂಗಿಗೆ ತಲೆ ಎತ್ತಲು ಆಗಲಿಲ್ಲ. ಗಣಪಿ ಅಷ್ಟರಲ್ಲಿ ಮಂಜುವಿನ ಪಾಟಿ ಕಸಿದುಕೊಂಡು ಮುಂದಿನ ಸಾಲಿನಲ್ಲಿ ಹೋಗಿ ಕೂತಾಗಿತ್ತು.