ಮರಿತಾಯಮ್ಮ ಹೇಳದ ಪದ

ಹಂಗಳದ ಮರಿತಾಯಮ್ಮ ಬೀಸುವ ಕಲ್ಲಿನ ಮುಂದೆ ಕೂತಳೆಂದರೆ ಕೇರಿಯ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಬಂದು ಜಗಲಿಯ ಮೇಲೆ ಕೂರುತ್ತಿದ್ದ ಕಾಲವೊಂದಿತ್ತು. ರಾಗಿ ಬೀಸುತ್ತ ಅವಳು ಹೇಳುತ್ತಿದ್ದ ಪದಗಳು ಹಾಗಿದ್ದವು. ಮೊದಲು ಕಲ್ಲಿಗೆ ಕೈಮುಗಿಯುವ ಪದ, ಆಮೇಲೆ ಬೆಟ್ಟದ ಮಾದಪ್ಪನದು, ಆಮೇಲೆ ತವರಿನದು. ಎಲ್ಲವೂ ಭೀಮನಬೀಡಿನಲ್ಲಿದ್ದ ಅವಳ ತಾಯಿ ಮಲ್ಲಾಜಮ್ಮ ಕಲಿಸಿದವು.

ಐವತ್ತೊಂದನೇ ಇಸವಿಯಲ್ಲಿ ಅವಳ ಗಂಡ ಚೆಲುವಯ್ಯ ಸಾಯುವ ಹಾಗಾಗಿ, ಕನ್ಯಾಸ್ತ್ರೀಯರ ಆಸ್ಪತ್ರೆಯಲ್ಲಿ ಬದುಕಿ ಬಂದ. ಗಂಡ ಹೆಂಡತಿ ಇಬ್ಬರೂ ಜ್ಞಾನಸ್ನಾನ ಪಡೆದು ಕ್ರೈಸ್ತರಾದರು. ಕನ್ಯಾಸ್ತ್ರೀಯರು ಹಂಚುವ ಹಾಲಿನ ಪುಡಿಗೆ ಜಾತಿ ಕೆಟ್ಟರು ಎಂದು ಊರು ಆಡಿಕೊಂಡಿತು. ಅದು ಶುದ್ಧ ಸುಳ್ಳು. ಮರಿತಾಯಮ್ಮ ಯೇಸುವನ್ನು ಮನಸಾರೆ ನಂಬಿದ್ದಳು. ಅಷ್ಟು ನಂಬಿದವಳಾದ್ದರಿಂದಲೇ ಉಪದೇಶಿ ಚೌರಪ್ಪನ ಮಾತನ್ನೂ ನಂಬಿಬಿಟ್ಟಳು.

ಸ್ವಾಮಿಗಳು, ಅಂದರೆ ಪಾದ್ರಿಗಳು, ಮೈಸೂರಿನಿಂದ ಬರುತ್ತಿದ್ದದ್ದು ವರ್ಷಕ್ಕೆರಡು ಸಲ. ಮಿಕ್ಕ ದಿನಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನು ಚೌರಪ್ಪ. ಕೆಟ್ಟವನಲ್ಲ ಪಾಪ, ಆದರೆ ಪಾಪ ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೀಸುವ ಪದ ಕೇಳಿದ ದಿನವೇ ಬಾಗಿಲಲ್ಲಿ ನಿಂತು, "ಕಲ್ಲಿಗೆ ಕೈಮುಗಿಯೋದು ವಿಗ್ರಹಾರಾಧನೆ ಕಣಮ್ಮ. ಆಸೆ ತೋರಿಸಿ ಪಾಪಕ್ಕೆ ಎಳೆಯೋದು, ಶೋಧನೆ ಅಂದ್ರೆ ಇದೇ. ಸೈತಾನ ಸವಿಯಾಗೇ ಬರ್ತಾನೆ, ನೀನು ಬಾಯಿ ಮುಚ್ಚಿ ಗೆಲ್ಬೇಕು" ಎಂದ.

ಬಾಯಿ ಮುಚ್ಚುವುದು ಸುಲಭವೇ? ಗೂಟ ಹಿಡಿದು ಕಲ್ಲು ತಿರುಗಿಸಿದರೆ ಸಾಕು, ಪದ ತಾನಾಗಿ ಗಂಟಲಿಗೆ ಬರುತ್ತಿತ್ತು. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬೀಸತೊಡಗಿದಳು. ನಾಲ್ಕು ವರ್ಷ ಹಾಗೇ ಬೀಸಿದಳು. ಜಗಲಿಗೆ ಬರುವವರು ನಿಂತುಹೋದರು.

ಐವತ್ತೈದರ ಮಾಘದಲ್ಲಿ ಅಣ್ಣ ಮಾದಣ್ಣ ಓಡಿ ಬಂದ. ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನ ಹೆಸರನ್ನೇ ಕನವರಿಸುತ್ತಿದ್ದಾಳೆ ಎಂದ. ಮರಿತಾಯಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ಮಲ್ಲಾಜಮ್ಮ ಮಗಳ ಕೈ ಹಿಡಿದು ಕೇಳಿದ್ದು ಒಂದೇ.

"ಬೀಸೋ ಪದ ಒಂದ ಏಳವ್ವ. ಕೇಳ್ಕಂಡು ಓಯ್ತೀನಿ."

"ಏಳಂಗಿಲ್ಲ ಕಣವ್ವ. ಪಾಪ ಬತ್ತದೆ."

"ಕಲ್ಸಿದೋಳು ನಾನು ಕಣಮ್ಮಿ. ಪಾಪ ಬಂದ್ರೆ ನಂಗೇ ಬರ್ಲಿ, ನೀ ಏಳು."

ಸೈತಾನ ಸವಿಯಾಗೇ ಬರುತ್ತಾನೆ ಎಂದಿದ್ದನಲ್ಲ ಚೌರಪ್ಪ! ಮರಿತಾಯಮ್ಮ ಜಪಸರ ತೆಗೆದು ಎಣಿಸತೊಡಗಿದಳು. ಮಾದಣ್ಣ ಕೆರಳಿ, "ಒಂದ್ ಪದ ಏಳುದ್ರೆ ನಿನ್ ದ್ಯಾವ್ರು ಸತ್ತೋದನಾ?" ಎಂದು ಎದ್ದು ಹೋದ.

ಮೂರನೆಯ ದಿನ ಮಧ್ಯಾಹ್ನ ಮುದುಕಿ ತಾನೇ ಪದ ಎತ್ತಿಕೊಂಡಳು. ದನಿ ಇರಲಿಲ್ಲ, ಉಸಿರಿತ್ತು ಅಷ್ಟೇ. ಎರಡು ಸಾಲು ಹೇಳಿದಳು. ಮೂರನೆಯದು ನೆನಪಾಗಲಿಲ್ಲ. ಮಗಳ ಮುಖ ನೋಡಿದಳು. ಎಲ್ಲಿ ತಪ್ಪಿದರೂ ಎತ್ತಿಕೊಡುತ್ತಿದ್ದ ಮಗಳು. ಆ ಸಾಲು ಮರಿತಾಯಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಸೆರಗು ಕಚ್ಚಿದಳು. ತಾಯಿ ನೋಡುತ್ತಲೇ ಇದ್ದಳು. ಆ ನೋಟ ಅಲ್ಲೇ ನಿಂತುಹೋಯಿತು.

ಮುಂದಿನ ಭಾನುವಾರ ಚೌರಪ್ಪ ಅವಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ. ಹೆತ್ತ ತಾಯಿಯ ಬಾಯಲ್ಲಿ ಬಂದ ಶೋಧನೆಯನ್ನೇ ಗೆದ್ದವಳು, ನೋಡಿ ಕಲಿಯಿರಿ ಎಂದ. ಮರಿತಾಯಮ್ಮನಿಗೆ ಅಳುವಿನ ನಡುವೆಯೂ ಹೆಮ್ಮೆಯಾಯಿತು. ಸುಳ್ಳೇಕೆ, ಚೆನ್ನಾಗಿಯೇ ಆಯಿತು.

ಯೇಸು ಸತ್ತು ಎದ್ದು ಬಂದ ಪಾಸ್ಕ ಹಬ್ಬಕ್ಕೆ ಸ್ವಾಮಿಗಳು ಬಂದರು. ಪಾಪ ಒಪ್ಪಿಕೊಳ್ಳಲು ಅವಳೂ ಸರದಿಯಲ್ಲಿ ನಿಂತು, ಮಂಡಿಯೂರಿ, ನಡೆದದ್ದನ್ನೆಲ್ಲ ಹೇಳಿದಳು. "ಸೋಲ್ನಿಲ್ಲ ಸ್ವಾಮಿ. ಆದ್ರೂ ಏಳ್ಬುಡವ ಅಂತ ಆಸೆ ಬಂದ್ಬುಡ್ತು. ಅದ ಕ್ಷಮಿಸ್ಬೇಕು."

ಸ್ವಾಮಿಗಳು ಮೆಲ್ಲಗೆ, "ಆಸೆ ಬರೋದು ಪಾಪ ಅಲ್ಲಮ್ಮ. ಕೆಟ್ಟದ್ದಕ್ಕೆ ಮನಸ್ಸು ಒಪ್ಪಿದ್ರೆ ಪಾಪ. ಇದರಲ್ಲಿ ಕೆಟ್ಟದ್ದೇನಿತ್ತು? ಸಾಯೋ ತಾಯಿಗೆ ಒಂದು ಪದ ಹೇಳಬೇಡ ಅಂತ ಯೇಸುಸ್ವಾಮಿ ಎಲ್ಲೂ ಹೇಳಿಲ್ಲವಲ್ಲ" ಎಂದರು.

ಗೆದ್ದೆ ಅಂದುಕೊಂಡ ಕಡೆಯೇ ಮರಿತಾಯಮ್ಮ ಸೋತಿದ್ದಳು. ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆಯೊಂದಿತ್ತಲ್ಲ, ಅದನ್ನು ಶೋಧನೆ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸಿಟ್ಟು ಬಂತು. ಚೌರಪ್ಪನ ಮೇಲೆ, ಸ್ವಾಮಿಗಳ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ.

"ದುಃಖಪಡಬೇಡ. ದೇವರು ಕ್ಷಮಿಸ್ತಾನೆ" ಎಂದರು ಸ್ವಾಮಿಗಳು.

"ಅವ್ನು ಕ್ಷಮಿಸ್ತಾನೆ ಬುಡಿ ಸ್ವಾಮಿ, ಅವ್ನಿಗೇನ್ ಕಷ್ಟ? ನನ್ ಬಾಯ್ನೇ ನೋಡ್ತಾ ಇದ್ದೋಳು ನಮ್ಮವ್ವ. ಅವ್ಳ ಕೂಟೆ ಕ್ಷಮ್ಸು ಅಂತ ಯಾರ್ ಕೇಳಾರು?"

ಸ್ವಾಮಿಗಳು ಕೈ ಎತ್ತಿ ಲ್ಯಾಟಿನ್ನಿನಲ್ಲಿ ಕ್ಷಮೆಯ ಮಾತು ಶುರುಮಾಡಿದರು. ಅದು ಮುಗಿಯುವ ಮೊದಲೇ ಅವಳು ಎದ್ದು ಹೋದಳು.